ಕೆಲಸ ತಪ್ಪಲ್ಲ, ನಿಂತಿದ್ದು ತಪ್ಪು

ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಸುತ್ತ ಲೈಂಗಿಕ ವೃತ್ತಿಗಾಗಿ ನಿಲ್ಲುವ ಹೆಂಗಸರನ್ನು ಅಲ್ಲಿಂದ ಓಡಿಸಬೇಕು ಅನ್ನುವ ಕೂಗು ಆಗಾಗ ಏಳುತ್ತದೆ. ಪೊಲೀಸರು ಬರುತ್ತಾರೆ, ಸ್ವಲ್ಪ ದಿನ ಜಾಗ ಖಾಲಿ ಕಾಣುತ್ತದೆ. ಆಮೇಲೆ ಮತ್ತೆ ಅದೇ. ಎಲ್ಲಿಗೆ ಓಡಿಸಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಈ ಆಟ ಹಳೆಯದು. 1860ರ ದಶಕದಲ್ಲಿ ಬ್ರಿಟಿಷರು ಸಿಪಾಯಿಗಳಿಗೆ ರೋಗ ಬರಬಾರದೆಂದು ದಂಡು ಪ್ರದೇಶಗಳಲ್ಲಿ ಈ ಕೆಲಸ ಮಾಡುವ ಹೆಂಗಸರ ಹೆಸರು ಬರೆದುಕೊಂಡು ತಪಾಸಣೆ ಮಾಡಿಸಿದರು, 1888ರಲ್ಲಿ ಅದನ್ನು ಕೈಬಿಟ್ಟರು, 1956ರಲ್ಲಿ ಈ ಕೆಲಸದ ಬಗ್ಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂತು, 1986ರಲ್ಲಿ ಅದರ ಹೆಸರು ಬದಲಾಯಿತು.

ಆ ಕಾನೂನನ್ನು ಓದಿದರೆ ತಲೆ ತಿರುಗುತ್ತದೆ. ವಯಸ್ಕ ಹೆಣ್ಣೊಬ್ಬಳು ತಾನಾಗಿ ಈ ಕೆಲಸ ಮಾಡುವುದು ಅಪರಾಧವಲ್ಲ. ಆದರೆ ರಸ್ತೆಯಲ್ಲಿ ನಿಂತು ಗಿರಾಕಿಯನ್ನು ಕರೆದರೆ 8ನೇ ಸೆಕ್ಷನ್: ಆರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳಗೆ ಮಾಡೋಣವೆಂದರೆ 7ನೇ ಸೆಕ್ಷನ್ ಇದೆ. ಗುಡಿ, ಮಸೀದಿ, ಶಾಲೆ, ಹಾಸ್ಟೆಲ್, ಆಸ್ಪತ್ರೆ, ಯಾವುದರಿಂದಲೂ 200 ಮೀಟರ್ ಒಳಗೆ ಮಾಡುವಂತಿಲ್ಲ. ಬೆಂಗಳೂರಿನಲ್ಲಿ ಇವೇನೂ ಇಲ್ಲದ 200 ಮೀಟರ್ ಎಲ್ಲಿದೆ, ನೀವೇ ಹೇಳಿ.

ಮುಂಬೈಯ ಕಾಮಾಟಿಪುರದಂಥ, ಈ ಕೆಲಸಕ್ಕೇ ಹೆಸರಾದ ದೊಡ್ಡ ಕೇರಿ ನಮ್ಮ ಊರುಗಳಲ್ಲಿ ಬೆಳೆಯಲಿಲ್ಲ. ಇಲ್ಲಿ ನಡೆಯುವುದು ಜಾಸ್ತಿ ಬಸ್‌ಸ್ಟ್ಯಾಂಡ್, ಪಾರ್ಕ್, ಲಾಡ್ಜ್ ನಂಬಿಕೊಂಡು. ಎಷ್ಟೋ ಮಂದಿ ಬೆಳಿಗ್ಗೆ ಪಕ್ಕದ ಊರಿಂದ ಬಸ್ಸಿಗೆ ಬಂದು ಸಂಜೆಗೆ ಮನೆ ಸೇರುತ್ತಾರೆ. ಮನೆಯವರ ಪಾಲಿಗೆ ಅವರು ಗಾರ್ಮೆಂಟ್ಸ್‌ಗೋ ಮನೆಗೆಲಸಕ್ಕೋ ಹೋಗುವವರು. ಬಸ್‌ಸ್ಟ್ಯಾಂಡಿನಲ್ಲಿ ಯಾರು ನಿಂತರೂ ಯಾರೂ ಕೇಳುವುದಿಲ್ಲ ಅಲ್ವಾ? ಆ ಜಾಗಕ್ಕಿರುವ ಬೆಲೆಯೇ ಅದು.

ಇದು ಸರ್ಕಾರಕ್ಕೆ ನಿಜವಾಗಿ ಅರ್ಥವಾಗಿದ್ದು ಎಚ್‌ಐವಿ ಬಂದಾಗ. 2004ರಲ್ಲಿ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರ ನಡುವೆ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 26 ಮಂದಿಯಲ್ಲಿ ಸೋಂಕು ಕಂಡಿತು. ಹುಡುಕಿಕೊಂಡು ಹೋಗಿ ಕಾಂಡೋಮ್ ಕೊಡಬೇಕು, ಕ್ಲಿನಿಕ್ಕಿಗೆ ಕರೆತರಬೇಕು. ಹಾಗೆ ಹುಡುಕಲು ಅದೇ ಕೆಲಸದ ಹೆಂಗಸರೇ ಬೇಕಾಯಿತು. ಮೈಸೂರಿನಲ್ಲಿ ಅವರೇ ಸೇರಿ ಆಶೋದಯ ಸಮಿತಿ ಕಟ್ಟಿಕೊಂಡರು. ಪೊಲೀಸರ ಜೊತೆಗೂ ಕೂತು ಮಾತಾಡಿದರು. 2009ರ ಹೊತ್ತಿಗೆ ಆ 26 ಸುಮಾರು 11ಕ್ಕೆ ಇಳಿದಿತ್ತು.

ಆದರೆ ಒಂದು ಇಲಾಖೆ ಹಂಚಿದ ಕಾಂಡೋಮ್ ಇನ್ನೊಂದು ಇಲಾಖೆಯ ಕೈಯಲ್ಲಿ ಸಾಕ್ಷಿಯಾಗುತ್ತಿದ್ದ ಕಾಲವೂ ಅದೇ. ಬ್ಯಾಗಿನಲ್ಲಿ ನಾಲ್ಕು ಸಿಕ್ಕರೆ ಕೇಸು. ಹೀಗಾದರೆ ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಒಂದು ಕಡೆ ರೇಡ್ ಆದರೆ ಹೆಂಗಸರು ಹೈವೇ ಕಡೆಗೋ ಕತ್ತಲ ಗಲ್ಲಿಗೋ ಸರಿಯುತ್ತಿದ್ದರು, ಕ್ಲಿನಿಕ್ಕಿನವರು ಮತ್ತೆ ಮೊದಲಿನಿಂದ ಹುಡುಕಬೇಕಿತ್ತು.

ಅದೇ 2004ರ ಜೂನ್‌ನಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ಗೋವಾದ ಬೈನಾ ಕಡಲತೀರದ ಕೇರಿಯನ್ನು ಕೆಡವಿದರು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದ ಹೆಂಗಸರು ಬಹಳ. ಕೇರಿ ಹೋಯಿತು, ಕೆಲಸ ಹೋಗಲಿಲ್ಲ. ಅವರು ಅಲ್ಲಲ್ಲಿ ಚೆದುರಿದರು, ಅಷ್ಟೇ.

ಹೊರದೇಶಗಳೂ ಒಂದೇ ದಾರಿ ಹಿಡಿದಿಲ್ಲ. ಸ್ವೀಡನ್ 1999ರಿಂದ ಕೊಳ್ಳುವವನನ್ನು ಹಿಡಿಯುತ್ತದೆ, ಮಾರುವವಳನ್ನಲ್ಲ. ನ್ಯೂಜಿಲೆಂಡ್ 2003ರಲ್ಲಿ ಇದನ್ನು ಅಪರಾಧದ ಪಟ್ಟಿಯಿಂದಲೇ ತೆಗೆಯಿತು. ನಮ್ಮಲ್ಲಿ ಎರಡೂ ಇಲ್ಲ. ಬದಲಿಗೆ ರಾಜ್ಯ ಸರ್ಕಾರದ ಕಡತದಲ್ಲಿ ಇವರಿಗೆ 'ದಮನಿತ ಮಹಿಳೆಯರು' ಅಂತ ಹೆಸರಿದೆ, ಸಣ್ಣ ವ್ಯಾಪಾರ ಶುರುಮಾಡಲು 'ಚೇತನ' ಯೋಜನೆಯ ಹಣವಿದೆ. ಅರ್ಜಿ ಹಾಕಬೇಕೆಂದರೆ ತಾನು ಯಾರೆಂದು ಒಪ್ಪಿಕೊಳ್ಳಬೇಕು. ಮನೆಯವರಿಂದ ಮುಚ್ಚಿಟ್ಟವಳಿಗೆ ಅದೇನು ಸುಮ್ನೆ ಮಾತಲ್ಲ.

2022ರ ಮೇ 19ರಂದು ಸುಪ್ರೀಂ ಕೋರ್ಟ್ ಹೇಳಿತು: ಪೊಲೀಸರು ಇವರನ್ನು ಬೈಯಬಾರದು, ಹೊಡೆಯಬಾರದು. ಅವರ ಫೋಟೊ ಮಾಧ್ಯಮದಲ್ಲಿ ಬರಬಾರದು, ಆಧಾರ್ ಕಾರ್ಡ್ ಸಿಗಬೇಕು ಅಂತಲೂ ಹೇಳಿತು. 8ನೇ ಸೆಕ್ಷನ್ ಮಾತ್ರ ಪುಸ್ತಕದಲ್ಲಿ ಹಾಗೇ ಉಳಿಯಿತು. ದಂಡವೂ ಅದೇ 500 ರೂಪಾಯಿ.