ಒಂದು ಸಲಕ್ಕೆ ಹನ್ನೆರಡೇ: ಸ್ಟಾರ್‌ಕ್ರಾಫ್ಟ್ ಆಟಗಾರರ ಹಳೇ ಜಗಳದ ಹಿನ್ನೆಲೆ

ಸ್ಟಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಯುದ್ಧದ ಆಟ ಆಡುವವರು ನಾಲ್ಕು ಜನ ಸೇರಿದರೆ ಒಂದು ವಾದ ಎದ್ದೇ ಏಳುತ್ತದೆ. ಆಟ ಕೈಗೆ ಎಷ್ಟು ಕೆಲಸ ಕೊಡಬೇಕು, ತಲೆಗೆ ಎಷ್ಟು ಕೊಡಬೇಕು? 1998ರ ಮಾರ್ಚ್ 31ರಂದು ಬ್ಲಿಝರ್ಡ್ ಕಂಪನಿ ಹೊರತಂದ ಮೊದಲ ಆಟದಲ್ಲಿ ಒಂದು ಸಲಕ್ಕೆ 12 ಯೂನಿಟ್‌ಗಳನ್ನು, ಅಂದರೆ ಸೈನಿಕ, ಯಂತ್ರ, ಕೆಲಸಗಾರರನ್ನು, ಮಾತ್ರ ಆರಿಸಿಕೊಳ್ಳಬಹುದು. ಪರದೆ ತುಂಬ ಸೈನ್ಯ ನಿಂತಿದ್ದರೂ ಅಷ್ಟೇ. 2010ರ ಜುಲೈನಲ್ಲಿ ಬಂದ ಸ್ಟಾರ್‌ಕ್ರಾಫ್ಟ್ 2ರಲ್ಲಿ ಇಡೀ ಸೈನ್ಯವನ್ನು ಒಂದೇ ಕೀಗೆ ಕಟ್ಟಿಕೊಳ್ಳಬಹುದು. ನೋಡಲು ಸಣ್ಣ ಬದಲಾವಣೆ. ಆದರೆ ಇದರ ಸುತ್ತ ನಡೆದಷ್ಟು ಚರ್ಚೆ ಈ ಬಗೆಯ ಆಟಗಳ ಇತಿಹಾಸದಲ್ಲಿ ಬೇರೆ ಯಾವುದರ ಬಗ್ಗೆಯೂ ನಡೆದಿರಲಿಕ್ಕಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ದೂರದ ನಕ್ಷತ್ರಗಳ ನಡುವೆ ಮೂರು ಜನಾಂಗಗಳ ಯುದ್ಧ. ಟೆರನ್ ಅಂದರೆ ಮನುಷ್ಯರು, ಝರ್ಗ್ ಅಂದರೆ ಹುಳುಗಳಂಥ ಜೀವಿಗಳ ಹಿಂಡು, ಪ್ರೋಟಾಸ್ ಅಂದರೆ ಮನುಷ್ಯರಿಗಿಂತ ಎಷ್ಟೋ ಮುಂದುವರಿದ ಪ್ರಾಚೀನ ಜನಾಂಗ. ನೆಲದಿಂದ ಮಿನರಲ್ ಮತ್ತು ಗ್ಯಾಸ್ ತೆಗೆಯಬೇಕು, ಕಟ್ಟಡ ಕಟ್ಟಬೇಕು, ಸೈನ್ಯ ಬೆಳೆಸಬೇಕು, ಎದುರಾಳಿಯನ್ನು ಸೋಲಿಸಬೇಕು. ಚೆಸ್‌ನಂತೆ ಸರದಿ ಇಲ್ಲ, ಎಲ್ಲವೂ ಒಟ್ಟಿಗೇ ನಡೆಯುತ್ತದೆ. ನೀವು ಇಲ್ಲಿ ಜಗಳ ನೋಡುತ್ತಿರುವಾಗ ಅಲ್ಲಿ ಬೇಸ್‌ನಲ್ಲಿ ಕಾರ್ಖಾನೆ ಸುಮ್ನೆ ಕೂತಿರುತ್ತದೆ. ಹಾಗಾಗಿ ಮಿನರಲ್ ಮತ್ತು ಗ್ಯಾಸ್ ಜೊತೆಗೆ ಖರ್ಚಾಗುವ ಇನ್ನೊಂದು ಸಂಪತ್ತು ಇದೆ. ಅದು ಆಟಗಾರನ ಗಮನ. ಜಗಳವೆಲ್ಲ ಇದರದ್ದೇ.

ಹಳೇ ಕಂಪ್ಯೂಟರ್‌ಗಳಿಗೆ ಶಕ್ತಿ ಸಾಲದೆ ಇಂಥ ಮಿತಿ ಬಂತು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದರ ಬೇರು ಇರುವುದು ಇದೇ ಕಂಪನಿಯ ವಾರ್‌ಕ್ರಾಫ್ಟ್‌ನಲ್ಲಿ. 1994ರ ಮೊದಲ ವಾರ್‌ಕ್ರಾಫ್ಟ್‌ನಲ್ಲಿ ಒಂದು ಸಲಕ್ಕೆ 4 ಯೂನಿಟ್ ಆರಿಸಬಹುದಿತ್ತು, 1995ರ ಎರಡನೆಯದರಲ್ಲಿ 9. ಆಗ ಅಲ್ಲಿ ಪ್ರೋಗ್ರಾಮರ್ ಆಗಿದ್ದ ಪ್ಯಾಟ್ರಿಕ್ ವ್ಯಾಟ್ ಇದರ ಹಿನ್ನೆಲೆಯನ್ನು ಆಮೇಲೆ ಬರೆದಿದ್ದಾರೆ. ತಂಡದೊಳಗೆ ಸಾಕಷ್ಟು ವಾದ ನಡೆದು, ಬೇಕೆಂದೇ ಇಟ್ಟ ಮಿತಿ ಅದು. ಆಟಗಾರ ಸಿಕ್ಕವರನ್ನೆಲ್ಲ ಒಟ್ಟುಮಾಡಿ ಗುಂಪಾಗಿ ನುಗ್ಗಿಸಬಾರದು, ಯಾರನ್ನು ಎಲ್ಲಿ ನಿಲ್ಲಿಸಬೇಕು ಅಂತ ಯೋಚಿಸಲಿ ಎಂಬುದು ಉದ್ದೇಶ. 1995ರಲ್ಲೇ ಬಂದ, ಬೇರೆ ಕಂಪನಿಯ ಕಮಾಂಡ್ ಅಂಡ್ ಕಾಂಕರ್ ಆಟದಲ್ಲಿ ಇಂಥ ಮಿತಿ ಇರಲಿಲ್ಲ. ಅಂದರೆ ಆ ಕಾಲದಲ್ಲೂ ಎರಡು ದಾರಿ ಇತ್ತು.

ಸ್ಟಾರ್‌ಕ್ರಾಫ್ಟ್‌ನಲ್ಲಿ ಕೈಗೆ ಕೆಲಸ ಕೊಡುವುದು ಈ ಮಿತಿಯೊಂದೇ ಅಲ್ಲ. ಹೊಸದಾಗಿ ಹುಟ್ಟಿದ ಕೆಲಸಗಾರ ತಾನಾಗಿ ಗಣಿಗೆ ಹೋಗುವುದಿಲ್ಲ. ನೀವು ಹೋಗಿ ಅವನನ್ನು ಆರಿಸಿ, ಮಿನರಲ್ ಮೇಲೆ ಕ್ಲಿಕ್ ಮಾಡಬೇಕು. ಪ್ರತಿಯೊಬ್ಬನಿಗೂ ಇದೇ. ಕಟ್ಟಡಗಳನ್ನೂ ಒಂದೊಂದಾಗಿಯೇ ಆರಿಸಬೇಕು. ಪ್ರೋಟಾಸ್ ಆಟಗಾರನಿಗೆ ಹತ್ತು ಗೇಟ್‌ವೇ ಇದ್ದರೆ, ಹತ್ತರಿಂದಲೂ ಸೈನಿಕರನ್ನು ಹೊರಡಿಸಲು ಒಂದೊಂದನ್ನೂ ಒತ್ತಿ, ಒಂದೊಂದಕ್ಕೂ ಆಜ್ಞೆ ಕೊಡಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಸುತ್ತು.

ಇನ್ನು ಹೈ ಟೆಂಪ್ಲರ್ ಎಂಬ ಪ್ರೋಟಾಸ್ ಯೋಧನ ಸ್ಟಾರ್ಮ್ ನೋಡಿ. ಅದು ಒಂದು ಜಾಗದ ಮೇಲೆ ಬಿದ್ದು ಅಲ್ಲಿರುವವರನ್ನೆಲ್ಲ ಸುಡುವ ಬಿರುಗಾಳಿ. ಮೊದಲ ಆಟದಲ್ಲಿ ಐದು ಟೆಂಪ್ಲರ್‌ಗಳನ್ನು ಒಟ್ಟಿಗೆ ಆರಿಸಿ ಸ್ಟಾರ್ಮ್ ಹಾಕಿದರೆ ಐದೂ ಮಂದಿ ಒಂದೇ ಜಾಗಕ್ಕೆ ಹಾಕುತ್ತಾರೆ. ಒಂದರ ಮೇಲೊಂದು ಬಿದ್ದ ಸ್ಟಾರ್ಮ್‌ನಿಂದ ಹೆಚ್ಚಿನ ಹಾನಿ ಆಗುವುದಿಲ್ಲ, ನಾಲ್ಕು ಸ್ಟಾರ್ಮ್ ದಂಡ. ಹಾಗಾಗಿ ಒಳ್ಳೆಯ ಆಟಗಾರ ಯುದ್ಧದ ಗದ್ದಲದಲ್ಲೇ ಒಬ್ಬೊಬ್ಬ ಟೆಂಪ್ಲರ್‌ನನ್ನು ಆರಿಸಿ, ಬೇರೆ ಬೇರೆ ಕಡೆ ಹಾಕುತ್ತಾನೆ. ಎರಡು ಸೆಕೆಂಡ್‌ನಲ್ಲಿ ಪರದೆಯ ಉದ್ದಕ್ಕೂ ಮೂರು ನಾಲ್ಕು ಸ್ಟಾರ್ಮ್ ಬಿದ್ದರೆ ನೋಡುವವರಿಗೆ ಮೈ ಜುಮ್ಮೆನ್ನುತ್ತದೆ. ಅದು ಎಷ್ಟು ಕಷ್ಟ ಅಂತ ಗೊತ್ತಿರುವುದರಿಂದಲೇ ಹಾಗಾಗುವುದು.

ಮಿತಿಯೊಳಗಿಂದಲೇ ಹೊಸ ವಿದ್ಯೆ ಹುಟ್ಟಿದ್ದೂ ಇದೆ. ಝರ್ಗ್‌ನ ಹಾರುವ ಮ್ಯೂಟಲಿಸ್ಕ್‌ಗಳು ಗುಂಪಾಗಿ ಹೋಗುವಾಗ ಚದುರಿಕೊಳ್ಳುತ್ತವೆ. ಆದರೆ 11 ಮ್ಯೂಟಲಿಸ್ಕ್ ಜೊತೆಗೆ, ನಕ್ಷೆಯ ಇನ್ಯಾವುದೋ ಮೂಲೆಯಲ್ಲಿ ತೇಲುತ್ತಿರುವ ಓವರ್‌ಲಾರ್ಡ್ ಎಂಬ ಇನ್ನೊಂದು ಝರ್ಗ್ ಜೀವಿಯನ್ನು ಅದೇ ಗುಂಪಿಗೆ ಸೇರಿಸಿದರೆ? ಗುಂಪಿನವರು ತೀರಾ ದೂರ ದೂರ ಇದ್ದಾರೆ ಅಂತ ಆಟ ಅವರ ನಡುವಿನ ಅಂತರ ಕಾಪಾಡುವುದನ್ನು ಕೈಬಿಡುತ್ತದೆ. ಹನ್ನೊಂದೂ ಒಂದೇ ಚುಕ್ಕೆಯಂತೆ ಒಟ್ಟಾಗುತ್ತವೆ. ಒಟ್ಟಿಗೆ ಹೊಡೆದು, ಒಟ್ಟಿಗೆ ತಿರುಗಿ, ಪೆಟ್ಟು ಬೀಳುವ ಮೊದಲೇ ಹಾರಿಹೋಗುತ್ತವೆ. ಆಟ ಮಾಡಿದವರು ಇದನ್ನು ಯೋಚಿಸಿರಲಿಲ್ಲ, ಆಡುವವರು ಕಂಡುಹಿಡಿದರು. ಝರ್ಗ್ ಆಡುವ ರೀತಿಯೇ ಇದರಿಂದ ಬದಲಾಯಿತು.

ಬ್ರೂಡ್ ವಾರ್ ಎಂಬ ಮುಂದುವರಿಕೆ ಬಂದ ಮೇಲೆ ದಕ್ಷಿಣ ಕೊರಿಯಾದಲ್ಲಿ ಇದು ಟಿವಿಯಲ್ಲಿ ನೋಡುವ ಕ್ರೀಡೆಯಾಯಿತು. 2000ದಲ್ಲಿ ಅಲ್ಲಿ ಇ-ಸ್ಪೋರ್ಟ್ಸ್ ಸಂಘ ಹುಟ್ಟಿತು. ಆಟ ತೋರಿಸಲೆಂದೇ ಚಾನೆಲ್‌ಗಳು ಬಂದವು. 2004ರಲ್ಲಿ ಬುಸಾನ್‌ನ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ, ಪ್ರೋಲೀಗ್ ಎಂಬ ತಂಡಗಳ ಲೀಗ್‌ನ ಫೈನಲ್ ನೋಡಲು ಲಕ್ಷ ಜನ ಸೇರಿದ್ದರೆಂದು ಆಗ ವರದಿಯಾಯಿತು. ನಿಮಿಷಕ್ಕೆ ಎಷ್ಟು ಆಜ್ಞೆ ಕೊಡುತ್ತಾರೆ ಎಂಬ ಲೆಕ್ಕ, ಅಂದರೆ ಎಪಿಎಂ, ಅಭಿಮಾನಿಗಳ ಬಾಯಲ್ಲಿ ಕ್ರಿಕೆಟ್‌ನ ರನ್ ರೇಟ್‌ನಂತೆ ಓಡಾಡತೊಡಗಿತು. ವೃತ್ತಿ ಆಟಗಾರರಲ್ಲಿ 300 ದಾಟುವುದು ಸಾಮಾನ್ಯವಾಗಿತ್ತು. ಕೈವೇಗಕ್ಕೆ ಹೀಗೆ ಗೌರವ ಬಂದ ಮೇಲೆ ಅದನ್ನು ಮುಟ್ಟುವುದು ಕಷ್ಟ.

ಬ್ಲಿಝರ್ಡ್ ಮುಟ್ಟಿತು. 2007ರ ಮೇ ತಿಂಗಳಲ್ಲಿ ಸೋಲ್ ನಗರದಲ್ಲೇ ಸ್ಟಾರ್‌ಕ್ರಾಫ್ಟ್ 2 ಘೋಷಣೆಯಾಯಿತು. ಹಲವು ಕಟ್ಟಡಗಳನ್ನು ಒಟ್ಟಿಗೆ ಆರಿಸಬಹುದು, ಕೆಲಸಗಾರ ಹುಟ್ಟಿದ ತಕ್ಷಣ ತಾನೇ ಗಣಿಗೆ ಹೋಗುತ್ತಾನೆ, ಸೈನ್ಯ ಆರಿಸಲು ಹನ್ನೆರಡರ ಮಿತಿ ಇಲ್ಲ ಎಂದು ಗೊತ್ತಾಯಿತು. ಹಳೇ ಆಟಗಾರರಲ್ಲಿ ತುಂಬ ಜನ ಕೆರಳಿದರು. ಅವರ ವಾದದಲ್ಲಿ ತೂಕವಿತ್ತು. ಯುದ್ಧ ಬಿಟ್ಟು ಬೇಸ್ ಕಡೆ ಕಣ್ಣು ಹಾಯಿಸುವುದೇ ಒಂದು ತೀರ್ಮಾನ. ಈಗ ನೋಡಬೇಕಾ, ಐದು ಸೆಕೆಂಡ್ ತಡೆಯಬೇಕಾ? ಆ ತೀರ್ಮಾನವನ್ನೇ ತೆಗೆದುಬಿಟ್ಟರೆ ಒಳ್ಳೆಯವನಿಗೂ ಸಾಧಾರಣದವನಿಗೂ ಇರುವ ಅಂತರ ಎಲ್ಲಿ ಉಳಿಯುತ್ತದೆ? ಇನ್ನೊಂದು ಬಣದವರು ಹೇಳಿದ್ದೂ ಸರಿಯೇ. ಹತ್ತು ಕಟ್ಟಡಕ್ಕೆ ಹತ್ತು ಸಲ ಒತ್ತುವುದರಲ್ಲಿ ಯೋಚನೆ ಏನಿದೆ? ನಮ್ಮ ಮನಸ್ಸಿನಲ್ಲಿರುವ ತಂತ್ರಕ್ಕೂ ಪರದೆಗೂ ನಡುವೆ ಮೌಸ್ ಅಡ್ಡ ಬರಬಾರದು ಅಲ್ವಾ?

ಮುಖ್ಯ ವಿನ್ಯಾಸಕಾರ ಡಸ್ಟಿನ್ ಬ್ರೌಡರ್ ಅವರ ತಂಡ ಹಿಂದೆ ಸರಿಯಲಿಲ್ಲ, ಆದರೆ ದೂರನ್ನು ಕಿವಿಗೆ ಹಾಕಿಕೊಂಡಿತು. ತೆಗೆದ ಕೆಲಸದ ಜಾಗಕ್ಕೆ ಬೇರೆ ಕೆಲಸ ಇಟ್ಟಿತು. ಟೆರನ್‌ಗೆ ಮ್ಯೂಲ್ ಬಂತು, ಆಗಾಗ ಕರೆದರೆ ಹೆಚ್ಚು ಮಿನರಲ್ ತರುವ ಯಂತ್ರ. ಪ್ರೋಟಾಸ್‌ಗೆ ಕಟ್ಟಡದ ಕೆಲಸ ಚುರುಕು ಮಾಡುವ ಕ್ರೋನೋ ಬೂಸ್ಟ್. ಝರ್ಗ್ ರಾಣಿ ಸುಮಾರು ಅರ್ಧ ನಿಮಿಷಕ್ಕೊಮ್ಮೆ ಗೂಡಿಗೆ ಲಾರ್ವಾ, ಅಂದರೆ ಹೊಸ ಯೂನಿಟ್‌ಗಳು ಹುಟ್ಟುವ ಮರಿಹುಳು, ಚುಚ್ಚಬೇಕು. ಇದರಲ್ಲಿ ಕ್ರೋನೋ ಬೂಸ್ಟ್ ಚೆನ್ನಾಗಿತ್ತು ಅನ್ನುವುದು ನನ್ನ ಅಭಿಪ್ರಾಯ. ಯಾವ ಕಟ್ಟಡಕ್ಕೆ ಹಾಕಬೇಕು ಅಂತ ನಿಜವಾಗಿ ಆರಿಸಬೇಕಿತ್ತು. ಲಾರ್ವಾ ಚುಚ್ಚುವುದರಲ್ಲಿ ಆಯ್ಕೆಯೇ ಇಲ್ಲ. ಯಾವಾಗಲೂ ಮಾಡಲೇಬೇಕು, ಮರೆತರೆ ಸೋಲು. ಕೈಗೆ ಕೆಲಸ ಬೇಕು ಅಂತ ಕೆಲಸ ಹುಟ್ಟಿಸಿದಂತೆ ಎಂದು ಝರ್ಗ್ ಆಡುವವರು ವರ್ಷಗಟ್ಟಲೆ ಗೊಣಗಿದ್ದರಲ್ಲಿ ಅರ್ಥವಿದೆ.

ಇಷ್ಟಾದರೂ ಆಟವನ್ನು ನಿಜವಾಗಿ ಬದಲಿಸಿದ್ದು ಈ ಕೀ, ಕ್ಲಿಕ್ ಯಾವುದೂ ಅಲ್ಲ. ಯೂನಿಟ್‌ಗಳು ದಾರಿ ಹುಡುಕುವ ರೀತಿ.

ಮೊದಲ ಆಟದಲ್ಲಿ ಅವು ದಡ್ಡರಂತೆ ನಡೆಯುತ್ತಿದ್ದವು. ಡ್ರಾಗೂನ್ ಎಂಬ ನಾಲ್ಕು ಕಾಲಿನ ಪ್ರೋಟಾಸ್ ಯಂತ್ರ ಇಳಿಜಾರಿನ ಬಾಯಲ್ಲಿ ಸಿಕ್ಕಿಕೊಂಡು ಹಿಂದೆ ಮುಂದೆ ಒದ್ದಾಡುವುದನ್ನು ನೋಡಿ ಕೈ ಹಿಸುಕಿಕೊಳ್ಳದ ಆಟಗಾರನಿಲ್ಲ. ಗಣಿ ಕೆಲಸಗಾರರು ಒಬ್ಬರಿಗೊಬ್ಬರು ಅಡ್ಡ ಬಂದು ಜಾಮ್ ಆಗುತ್ತಿದ್ದರು. ಕೊನೆಗೆ ಗಣಿ ಕೆಲಸದಲ್ಲಿರುವಾಗ ಒಬ್ಬರೊಳಗೊಬ್ಬರು ತೂರಿ ಹೋಗಲು ಬಿಟ್ಟೆವು ಅಂತ ಅದೇ ವ್ಯಾಟ್ ಬರೆದಿದ್ದಾರೆ. ಆದರೆ ಈ ಕೊರತೆಯಿಂದ ಒಂದು ಲಾಭವೂ ಆಗುತ್ತಿತ್ತು. ದೊಡ್ಡ ಸೈನ್ಯ ಒಟ್ಟಿಗೆ ಒಂದೇ ಕಡೆ ಬಂದು ಸೇರುತ್ತಿರಲಿಲ್ಲ. ಸಾಲು ಸಾಲಾಗಿ, ಬಿಡಿ ಬಿಡಿಯಾಗಿ, ನಕ್ಷೆಯ ಉದ್ದಕ್ಕೂ ಹರಡಿಕೊಂಡಿರುತ್ತಿತ್ತು. ಜೊತೆಗೆ ಎತ್ತರದಲ್ಲಿ ನಿಂತವರಿಗೆ ಕೆಳಗಿನಿಂದ ಹೊಡೆದರೆ ಸುಮಾರು ಅರ್ಧದಷ್ಟು ಗುಂಡು ಗುರಿ ತಪ್ಪುತ್ತಿದ್ದವು. ಕಡಿಮೆ ಸೈನ್ಯ ಇಟ್ಟುಕೊಂಡೂ ಗುಡ್ಡ ಹಿಡಿದು ತಡೆಯಬಹುದಿತ್ತು. ಯುದ್ಧ ನಿಮಿಷಗಟ್ಟಲೆ ಎಳೆಯುತ್ತಿತ್ತು. ತಪ್ಪಾದರೆ ಸರಿಮಾಡಿಕೊಳ್ಳಲು ಸಮಯ ಸಿಗುತ್ತಿತ್ತು.

ಎರಡನೇ ಆಟದಲ್ಲಿ ಯೂನಿಟ್‌ಗಳು ನೀರಿನಂತೆ ಹರಿಯುತ್ತವೆ. ನೂರು ಇದ್ದರೂ ಒಂದು ಉಂಡೆಯಾಗಿ ಸೇರಿ, ಕಿರಿದಾದ ದಾರಿಯಲ್ಲೂ ನುಣುಚಿ ಹೋಗುತ್ತವೆ. ನೋಡಲು ಚಂದ. ಆದರೆ ಎರಡು ಉಂಡೆ ಡಿಕ್ಕಿ ಹೊಡೆದಾಗ ಎಲ್ಲರ ಗುಂಡೂ ಒಟ್ಟಿಗೆ ಹಾರುತ್ತದೆ. ಹತ್ತು ನಿಮಿಷ ಕಟ್ಟಿದ ಸೈನ್ಯ ಕೆಲವೇ ಸೆಕೆಂಡ್‌ಗಳಲ್ಲಿ ಮಾಯ. ಒತ್ತಾಗಿ ನಿಂತವರ ಮಧ್ಯೆ ಬೇನ್‌ಲಿಂಗ್ ಎಂಬ ಝರ್ಗ್ ಜೀವಿ ಬಾಂಬಿನಂತೆ ಸಿಡಿದರೆ ಕೇಳುವುದೇ ಬೇಡ. ಒಂದು ಕ್ಷಣ ಬೇರೆ ಕಡೆ ನೋಡಿದ್ದಕ್ಕೆ ಪೂರ್ತಿ ಆಟ ಹೋಯಿತು ಎಂಬುದು ಸ್ಟಾರ್‌ಕ್ರಾಫ್ಟ್ 2 ಬಿಟ್ಟು ಹೋದವರು ಹೇಳುವ ಕಾರಣಗಳಲ್ಲಿ ಮುಖ್ಯವಾದದ್ದು. ಗಮನಿಸಿ, ಇದು ಕೈಗೆಲಸ ಕಡಿಮೆಯಾಯಿತು ಎಂಬ ದೂರಲ್ಲ. ಗಮನದ ಬೆಲೆ ವಿಪರೀತ ಜಾಸ್ತಿಯಾಯಿತು ಎಂಬ ದೂರು. ಮೂರು ವರ್ಷ ಕಟ್ಟಡ ಆರಿಸುವ ಬಗ್ಗೆ ಕಿತ್ತಾಡಿದವರಲ್ಲಿ ಬಹುಪಾಲು ಜನ ಈ ಕಡೆ ನೋಡಲೇ ಇಲ್ಲ. ಹಳೇ ಆಟದ ಹಿತ ಎಲ್ಲಿಂದ ಬರುತ್ತಿತ್ತು ಎಂಬುದು ಅದು ಕೈತಪ್ಪಿದ ಮೇಲೆ ಗೊತ್ತಾಯಿತು.

ಮುಂದಿನ ವರ್ಷಗಳಲ್ಲಿ ಬ್ಲಿಝರ್ಡ್ ಇದನ್ನು ಸರಿದೂಗಿಸಲು ಹಲವು ಪ್ರಯತ್ನ ಮಾಡಿತು. 2015ರಲ್ಲಿ ಲೆಗಸಿ ಆಫ್ ದಿ ವಾಯ್ಡ್ ಎಂಬ ಮೂರನೇ ಭಾಗದ ಪರೀಕ್ಷಾ ಹಂತದಲ್ಲಿ ಮ್ಯೂಲ್ ಮತ್ತು ಕ್ರೋನೋ ಬೂಸ್ಟನ್ನೇ ತೆಗೆದು, ರಾಣಿಯ ಕೆಲಸವನ್ನು ತಾನಾಗಿ ಆಗುವಂತೆ ಮಾಡಿ ನೋಡಿತು. ಮತ್ತೆ ಆಟಗಾರರು ಎರಡು ಪಾಲಾದರು. ಕೆಲವರಿಗೆ ಉಸಿರು ಬಂದಂತಾಯಿತು, ಕೆಲವರಿಗೆ ತಮ್ಮ ಜನಾಂಗದ ಸೊಗಡೇ ಹೋದಂತೆ ಕಂಡಿತು. ಕೊನೆಗೆ ಬದಲಾವಣೆಗಳೊಂದಿಗೆ ಅವು ವಾಪಸ್ ಬಂದವು. ಆಟ ಶುರುವಾಗುವಾಗ ಇರುವ ಕೆಲಸಗಾರರು ಮಾತ್ರ 6ರಿಂದ 12 ಆದರು. ಮೊದಲ ಎರಡು ನಿಮಿಷದ ಬೇಸರ ಹೋಯಿತು, ನಿಜ. ಆರಂಭದಲ್ಲೇ ಗುಟ್ಟಾಗಿ ಆಕ್ರಮಣ ಮಾಡುವ ಎಷ್ಟೋ ತಂತ್ರಗಳೂ ಜೊತೆಗೇ ಹೋದವು.

ಕೊರಿಯಾದಲ್ಲಿ ಬೇರೆಯದೇ ನಡೆಯುತ್ತಿತ್ತು. 2012ರಲ್ಲಿ ಅಲ್ಲಿನ ಪ್ರೋಲೀಗ್ ಹೊಸ ಆಟಕ್ಕೆ ಹೊರಳಿತು. 2016ರಲ್ಲಿ ಆ ಲೀಗೇ ನಿಂತಿತು. ಆದರೆ ಅದೇ ವರ್ಷ ಹಳೇ ಬ್ರೂಡ್ ವಾರ್‌ಗೆ ಎಎಸ್ಎಲ್ ಎಂಬ ಲೀಗ್ ಶುರುವಾಗಿ ಜನ ತುಂಬಿದರು. ಫ್ಲ್ಯಾಶ್ ಎಂಬ ಹೆಸರಿನಲ್ಲಿ ಆಡುವ ಲೀ ಯಂಗ್-ಹೋ ಹೊಸ ಆಟಕ್ಕೆ ವಿದಾಯ ಹೇಳಿ ಹಳೆಯದಕ್ಕೆ ಮರಳಿದರು, ಎಎಸ್ಎಲ್ ಪ್ರಶಸ್ತಿಗಳನ್ನೂ ಗೆದ್ದರು. 2017ರ ಆಗಸ್ಟ್‌ನಲ್ಲಿ ಬ್ಲಿಝರ್ಡ್ ಮೊದಲ ಆಟವನ್ನು ಹೊಸ ಚಿತ್ರಗಳೊಂದಿಗೆ ಸ್ಟಾರ್‌ಕ್ರಾಫ್ಟ್ ರಿಮಾಸ್ಟರ್ಡ್ ಎಂದು ತಂದಾಗ ಆಟದ ಒಳಗನ್ನು ಮುಟ್ಟಲಿಲ್ಲ. ಹನ್ನೆರಡರ ಮಿತಿ ಉಳಿಯಿತು. ಸುಮ್ನೆ ನಿಲ್ಲುವ ಕೆಲಸಗಾರನೂ, ಒದ್ದಾಡುವ ಡ್ರಾಗೂನೂ ಹಾಗೇ ಉಳಿದವು. ನನಗೆ ಇದು ಸರಿಯಾದ ನಿರ್ಧಾರವೇ ಅನಿಸುತ್ತದೆ. ಅಷ್ಟು ವರ್ಷ ಜನ ಆಡಿ ಹದಗೊಳಿಸಿದ ಆಟದಲ್ಲಿ ಒಂದನ್ನು ಎಳೆದರೆ ಇನ್ನೇನು ಬೀಳುತ್ತದೆ ಅಂತ ಹೇಳಲಾಗುವುದಿಲ್ಲ.

2019ರ ಜನವರಿಯಲ್ಲಿ ಈ ಪ್ರಶ್ನೆ ಹೊಸ ರೂಪದಲ್ಲಿ ಬಂತು. ಗೂಗಲ್ ಬಳಗದ ಡೀಪ್‌ಮೈಂಡ್ ಕಂಪನಿಯ ಆಲ್ಫಾಸ್ಟಾರ್ ಎಂಬ ಕೃತಕ ಬುದ್ಧಿಮತ್ತೆ ಸ್ಟಾರ್‌ಕ್ರಾಫ್ಟ್ 2ರಲ್ಲಿ ಟಿಎಲ್‌ಓ ಮತ್ತು ಮಾನಾ ಎಂಬ ಇಬ್ಬರು ವೃತ್ತಿ ಆಟಗಾರರನ್ನು 5–0, 5–0 ಎಂದು ಸೋಲಿಸಿದ್ದನ್ನು ಜಗತ್ತಿಗೆ ತೋರಿಸಲಾಯಿತು. ಸರಾಸರಿ ಎಪಿಎಂ ನೋಡಿದರೆ ಅದು ಮನುಷ್ಯರಿಗಿಂತ ನಿಧಾನವೇ. ಆದರೆ ಆಟಗಾರರ ಕಣ್ಣಿಗೆ ಬಿದ್ದದ್ದು ಬೇರೆ. ಯುದ್ಧದ ನಡುವೆ ಸ್ಟಾಕರ್ ಎಂಬ ಪ್ರೋಟಾಸ್ ಯೋಧರನ್ನು ಮೂರು ಕಡೆಯಿಂದ ಒಟ್ಟಿಗೆ ಆಡಿಸುವಾಗ ಅದರ ವೇಗ ಮತ್ತು ನಿಖರತೆ ಮನುಷ್ಯನ ಕೈಗೆ ಸಾಧ್ಯವೇ ಇರಲಿಲ್ಲ. ಅಲ್ಲದೆ ಆ ಹತ್ತು ಆಟಗಳಲ್ಲಿ ಅದಕ್ಕೆ ಕ್ಯಾಮೆರಾ ಸರಿಸುವ ಕಷ್ಟವೇ ಇರಲಿಲ್ಲ, ತನಗೆ ಕಾಣುವ ಜಾಗವನ್ನೆಲ್ಲ ಒಟ್ಟಿಗೆ ನೋಡುತ್ತಿತ್ತು. ಗಮನ ಎಂಬ ಸಂಪತ್ತನ್ನು ಖರ್ಚೇ ಮಾಡದೆ ಗೆದ್ದಿತು ಎಂಬ ದೂರು ಬಂತು. ಮನುಷ್ಯರಂತೆ ಕ್ಯಾಮೆರಾ ಸರಿಸಿ ಆಡಿದ ನೇರಪ್ರಸಾರದ ಪಂದ್ಯದಲ್ಲಿ ಮಾನಾ ಅದನ್ನು ಸೋಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ರಕಟವಾದ ಹೊಸ ಆವೃತ್ತಿಗೆ ಕ್ಯಾಮೆರಾ ಕಟ್ಟುಪಾಡು ಹಾಕಿ, 5 ಸೆಕೆಂಡಿಗೆ 22 ಕ್ರಿಯೆಗಳ ಮಿತಿ ಇಡಲಾಯಿತು. ಆ ಮಿತಿಯೊಳಗೇ ಅದು ಮೂರೂ ಜನಾಂಗಗಳಲ್ಲಿ ಗ್ರ್ಯಾಂಡ್‌ಮಾಸ್ಟರ್ ಎಂಬ ಅತಿ ಮೇಲಿನ ಮಟ್ಟ ಮುಟ್ಟಿತು.

ಬ್ಲಿಝರ್ಡ್ ಬಿಟ್ಟು ಬಂದ ಕೆಲವರು 2020ರಲ್ಲಿ ಕಟ್ಟಿದ ಫ್ರಾಸ್ಟ್ ಜೈಂಟ್ ಸಂಸ್ಥೆಯ ಸ್ಟಾರ್ಮ್‌ಗೇಟ್ 2024ರ ಆಗಸ್ಟ್‌ನಲ್ಲಿ ಆರಂಭಿಕ ಆವೃತ್ತಿಯಾಗಿ ಆಟಗಾರರ ಕೈಸೇರಿತು. ಅದರಲ್ಲಿ ಪರದೆಯ ಮೂಲೆಯ ಒಂದು ಪಟ್ಟಿಯಿಂದಲೇ, ಯಾವ ಕಟ್ಟಡವನ್ನೂ ಆರಿಸದೆ, ಯುದ್ಧದಿಂದ ಕಣ್ಣು ತೆಗೆಯದೆ ಸೈನಿಕರನ್ನು ತಯಾರಿಸಬಹುದು. 2007ರಲ್ಲಿ ಹತ್ತು ಕಟ್ಟಡ ಒಟ್ಟಿಗೆ ಆರಿಸುವುದಕ್ಕೇ ರಂಪ ಮಾಡಿದ್ದ ಲೋಕದಲ್ಲಿ ಇದಕ್ಕೆ ಅಂಥ ಗದ್ದಲ ಏಳಲಿಲ್ಲ. ಈ ಸಲ ಜನರ ದೂರು ಹೆಚ್ಚಾಗಿ ಕಥೆಯ ಬಗ್ಗೆ ಮತ್ತು ಪಾತ್ರಗಳ ಚಿತ್ರಣದ ಬಗ್ಗೆ ಇತ್ತು.