ಗಾಳಿಯಲ್ಲಿ ಹಾರಿಸಿದ ಗುಂಡು ಎಲ್ಲಿಗೆ ಹೋಗುತ್ತದೆ?

2019ರ ಡಿಸೆಂಬರ್‌ನಲ್ಲಿ ಶಸ್ತ್ರಾಸ್ತ್ರ ತಿದ್ದುಪಡಿ ಮಸೂದೆ ಸಂಸತ್ತಿಗೆ ಬಂದಾಗ ಜನ ವಾದ ಮಾಡಿದ್ದೆಲ್ಲ ಒಂದೇ ವಿಷಯಕ್ಕೆ. ಒಬ್ಬರು ಎಷ್ಟು ಬಂದೂಕು ಇಟ್ಟುಕೊಳ್ಳಬಹುದು? ಅಲ್ಲಿಯವರೆಗೆ ಮೂರಕ್ಕೆ ಅವಕಾಶ ಇತ್ತು. ಮಸೂದೆ ಒಂದೇ ಸಾಕು ಎಂದಿತು. ಹಾಗಾದರೆ ಅಜ್ಜನಿಂದ ಬಂದ ಕೋವಿಯ ಗತಿ ಏನು ಎಂದು ಕೇಳಿದವರು ಬಹಳ ಮಂದಿ. ಕೊನೆಗೆ ಎರಡು ಎಂದು ತೀರ್ಮಾನವಾಯಿತು. ಈ ಗದ್ದಲದ ನಡುವೆ ಇನ್ನೊಂದು ಸಣ್ಣ ಕಲಂ ಸದ್ದಿಲ್ಲದೆ ಪಾಸಾಯಿತು. ಬಂದೂಕೇ ಇಲ್ಲದ ನಮ್ಮಂಥವರಿಗೆ ಇಡೀ ತಿದ್ದುಪಡಿಯಲ್ಲಿ ಮುಖ್ಯವಾದದ್ದು ಅದೇ ಎಂದು ನನಗೆ ಅನಿಸುತ್ತದೆ.

ಅದು 25ನೇ ಸೆಕ್ಷನ್ನಿನ 9ನೇ ಉಪಕಲಂ. ಮದುವೆ, ಸಾರ್ವಜನಿಕ ಸಭೆ, ಪೂಜಾಸ್ಥಳ, ಇನ್ಯಾವುದೇ ಸಮಾರಂಭದಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

‘ಅಪಾಯ ತಂದರೆ’ ಎನ್ನುವ ಮಾತಿನಲ್ಲೇ ಜನ ಸಮಾಧಾನ ಹುಡುಕುತ್ತಾರೆ. ಯಾರ ಕಡೆಗೂ ಗುರಿ ಇಟ್ಟಿರಲಿಲ್ಲ ಅಲ್ವಾ, ಸುಮ್ನೆ ಗಾಳಿಯಲ್ಲಿ ಹಾರಿಸಿದ್ದು, ಅದರಲ್ಲೇನು ಅಪಾಯ? ಇದಕ್ಕೆ ಉತ್ತರ ವಕೀಲರ ಹತ್ತಿರ ಇಲ್ಲ, ಭೌತಶಾಸ್ತ್ರದ ಹತ್ತಿರ ಇದೆ. ಆ ಉತ್ತರ ಗೊತ್ತಾದರೆ ಕಾನೂನನ್ನು ಓದುವ ರೀತಿಯೇ ಬದಲಾಗುತ್ತದೆ.

ಮೇಲೆ ಹೋದ ಗುಂಡು ಕೆಳಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ದೊಡ್ಡ ದೊಡ್ಡವರೇ ಕೇಳಿಕೊಂಡಿದ್ದಾರೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಮರಿನ್ ಮೆರ್ಸೆನ್ ಎಂಬ ಪಾದ್ರಿ, ಪಿಯರ್ ಪೆಟಿ ಎಂಬ ಎಂಜಿನಿಯರ್ ಜೊತೆ ಸೇರಿ ಫಿರಂಗಿಯನ್ನು ನೆಟ್ಟಗೆ ಆಕಾಶಕ್ಕೆ ನಿಲ್ಲಿಸಿ ಹಾರಿಸಿದ. ಹುಡುಕಿದರೂ ಗುಂಡು ಸಿಗಲಿಲ್ಲ. ಅಷ್ಟು ಎತ್ತರ ಹೋದ ಗುಂಡು ತನ್ನ ತೂಕವನ್ನೇ ಕಳೆದುಕೊಂಡಿತೇ ಎಂಬ ಚರ್ಚೆ ನಡೆಯಿತು. ತತ್ವಜ್ಞಾನಿ ಡೆಕಾರ್ಟ್‌ನಂಥವನೂ ಆ ಚರ್ಚೆಯಲ್ಲಿದ್ದ. ಗುಂಡು ಬಿದ್ದೇ ಇತ್ತು, ಅವರು ಹುಡುಕಿದ ಜಾಗದಲ್ಲಿ ಬಿದ್ದಿರಲಿಲ್ಲ ಅಷ್ಟೇ. ಅದು ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ತಪ್ಪು ಕಲ್ಪನೆ ಪಿಯುಸಿ ಓದಿದವರದ್ದು. ಎಷ್ಟು ವೇಗದಲ್ಲಿ ಮೇಲೆ ಎಸೆದರೆ ಅಷ್ಟೇ ವೇಗದಲ್ಲಿ ವಾಪಸ್ ಬರುತ್ತದೆ ಎಂಬ ಸೂತ್ರ ಅವರ ತಲೆಯಲ್ಲಿ ಕೂತಿರುತ್ತದೆ. ಪ್ರಶ್ನೆಯ ಕೊನೆಯಲ್ಲಿ ‘ಗಾಳಿಯ ತಡೆಯನ್ನು ಪರಿಗಣಿಸಬೇಡಿ’ ಎಂದು ಒಂದು ಸಾಲು ಇರುತ್ತಿತ್ತು. ಗುಂಡಿನ ವಿಷಯದಲ್ಲಿ ಆ ತಡೆಯನ್ನು ಬಿಟ್ಟರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ.

ಇದನ್ನು ಮೊದಲು ಅಳೆದು ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಆತ ಬಳಸಿದ ಉಪಕರಣ ಬಹಳ ಸರಳ. ಒಂದು ಭಾರವಾದ ಮರದ ದಿಮ್ಮಿಯನ್ನು ತೂಗುಹಾಕುವುದು, ಅದಕ್ಕೆ ಗುಂಡು ಹೊಡೆಯುವುದು, ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತು ಎಂದು ನೋಡಿ ಗುಂಡಿನ ವೇಗ ಲೆಕ್ಕ ಹಾಕುವುದು. ದಿಮ್ಮಿಯನ್ನು ಹತ್ತಿರ ಇಟ್ಟು ಒಮ್ಮೆ, ದೂರ ಇಟ್ಟು ಒಮ್ಮೆ ಹೊಡೆದರೆ ನಡುವೆ ಗಾಳಿ ಎಷ್ಟು ವೇಗ ತಿಂದಿತು ಎಂಬುದು ಗೊತ್ತಾಗುತ್ತದೆ. ಮುಕ್ಕಾಲು ಇಂಚಿನ ಸೀಸದ ಗುಂಡು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಹೋಗುವಾಗ ಗಾಳಿ ಅದನ್ನು ಅದರ ತೂಕದ ಸುಮಾರು 120 ಪಟ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ! ಭೂಮಿ ಅದನ್ನು ಒಂದು ಪಾಲು ಎಳೆದರೆ ಗಾಳಿ 120 ಪಾಲು ತಡೆಯುತ್ತದೆ. ಆ ಕಾಲದ ಫಿರಂಗಿ ಪಂಡಿತರಿಗೆ ಇದನ್ನು ನಂಬುವುದೇ ಕಷ್ಟವಾಯಿತು. ಗಣಿತಜ್ಞ ಆಯ್ಲರ್ 1745ರಲ್ಲಿ ರಾಬಿನ್ಸ್‌ನ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದು ದೊಡ್ಡ ಟಿಪ್ಪಣಿಯನ್ನೇ ಬರೆದ. ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಇಲ್ಲಿಗೇ ಬಂದ. 1751ರಲ್ಲಿ ಕಡಲೂರಿನ ಫೋರ್ಟ್ ಸೇಂಟ್ ಡೇವಿಡ್‌ನಲ್ಲಿ ಜ್ವರದಿಂದ ಸತ್ತ.

ಗಾಳಿಯ ಈ ತಡೆ ವೇಗದ ಜೊತೆ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಶಬ್ದದ ವೇಗವನ್ನು ದಾಟಿದರೆ ಇನ್ನೂ ಜಾಸ್ತಿ. ಹಾಗಾಗಿ ಮೇಲೆ ಹೋಗುವ ಗುಂಡು ತನ್ನ ಶಕ್ತಿಯ ಬಹುಪಾಲನ್ನು ಮೊದಲ ಕೆಲವು ಸೆಕೆಂಡುಗಳಲ್ಲೇ ಕಳೆದುಕೊಳ್ಳುತ್ತದೆ. ಕೆಳಗೆ ಬೀಳುವಾಗ ಇದೇ ಲೆಕ್ಕ ತಿರುಗಿ ಬರುತ್ತದೆ. ಬೀಳುತ್ತಾ ವೇಗ ಏರುತ್ತದೆ, ಏರಿದಂತೆ ತಡೆಯೂ ಏರುತ್ತದೆ. ತಡೆ ಮತ್ತು ತೂಕ ಸಮವಾದ ಕ್ಷಣದಿಂದ ವೇಗ ಹೆಚ್ಚುವುದಿಲ್ಲ. ಇದೇ ಅಂತಿಮ ವೇಗ. ಈ ನಿಯಮ ಇಲ್ಲದಿದ್ದರೆ ಮಳೆಗಾಲದಲ್ಲಿ ನಾವು ಮನೆಯಿಂದ ಹೊರಗೆ ಬರುವಂತಿರಲಿಲ್ಲ. 2 ಕಿಲೋಮೀಟರ್ ಎತ್ತರದ ಮೋಡದಿಂದ ಬೀಳುವ ಹನಿ, ಗಾಳಿ ಇಲ್ಲದಿದ್ದರೆ, ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ನಮ್ಮ ತಲೆಗೆ ಬಡಿಯುತ್ತಿತ್ತು. ಗಾಳಿ ಇರುವುದರಿಂದ ದಪ್ಪ ಹನಿಯೂ 9 ಮೀಟರ್ ದಾಟುವುದಿಲ್ಲ.

ಗುಂಡಿನ ಅಂತಿಮ ವೇಗ ಎಷ್ಟು? ಮೊದಲ ಮಹಾಯುದ್ಧ ಮುಗಿದ ಹೊಸದರಲ್ಲಿ ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಇದನ್ನೇ ತಿಳಿಯಲು ಫ್ಲೋರಿಡಾದ ನೀರಿನ ಮೇಲೆ ಒಂದು ವೇದಿಕೆ ಕಟ್ಟಿಸಿದರು. ಅದರ ಮೇಲೆ ಮೆಷಿನ್ ಗನ್ ನೆಟ್ಟಗೆ ನಿಲ್ಲಿಸಿ 500ಕ್ಕಿಂತ ಹೆಚ್ಚು ಗುಂಡು ಹಾರಿಸಲಾಯಿತು. ಸಾಮಾನ್ಯ ರೈಫಲ್ ಗುಂಡು ಅದು. ತೂಕ 10 ಗ್ರಾಂಗೆ ಸ್ವಲ್ಪ ಕಡಿಮೆ, ನಳಿಕೆ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 820 ಮೀಟರ್. ಗಾಳಿ ಇಲ್ಲದಿದ್ದರೆ 34 ಕಿಲೋಮೀಟರ್ ಎತ್ತರ ಹೋಗಬೇಕಿತ್ತು. ಹೋಗಿದ್ದು ಸುಮಾರು 2.7 ಕಿಲೋಮೀಟರ್. ಮೇಲೆ ಹೋಗಲು 18 ಸೆಕೆಂಡ್, ಕೆಳಗೆ ಬರಲು 31 ಸೆಕೆಂಡ್. ಆ ಸುಮಾರು 50 ಸೆಕೆಂಡಿನಲ್ಲಿ ಮೇಲಿನ ಗಾಳಿ ಅದನ್ನು ಎಲ್ಲಿಗೋ ಒಯ್ದಿರುತ್ತದೆ. ಅಷ್ಟು ಗುಂಡುಗಳಲ್ಲಿ ವಾಪಸ್ ವೇದಿಕೆಗೆ ಬಂದು ಬಡಿದದ್ದು ಬರೀ 4. ಮೆರ್ಸೆನ್‌ಗೆ ಫಿರಂಗಿ ಗುಂಡು ಯಾಕೆ ಸಿಗಲಿಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಬಿದ್ದ ವೇಗ ಸೆಕೆಂಡಿಗೆ ಸುಮಾರು 90 ಮೀಟರ್ ಎಂದು ಹ್ಯಾಚರ್ ಲೆಕ್ಕ ಹಾಕಿದರು. ನಳಿಕೆಯಿಂದ ಹೊರಟಾಗ ಇದ್ದ ಶಕ್ತಿಯಲ್ಲಿ ಉಳಿದದ್ದು ಶೇಕಡ 1ರಷ್ಟು ಮಾತ್ರ. ವೇದಿಕೆಯ ಮರದಲ್ಲಿ ಸಣ್ಣ ಗುಳಿ ಬಿದ್ದಿತ್ತು, ಅಷ್ಟೇ.

ಇಲ್ಲಿಗೆ ಓದು ನಿಲ್ಲಿಸಿ, ನೋಡಿ, ಏನೂ ಆಗೋದಿಲ್ಲ ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರು ಎರಡು ವಿಷಯ ಮರೆಯುತ್ತಾರೆ.

ಒಂದು, ಮನುಷ್ಯನ ದೇಹ ಮರದ ಹಲಗೆ ಅಲ್ಲ. ಸೆಕೆಂಡಿಗೆ 45ರಿಂದ 60 ಮೀಟರ್ ವೇಗದಲ್ಲಿ ಬಂದ ಗುಂಡು ಚರ್ಮವನ್ನು ತೂರಬಲ್ಲದು. 60 ದಾಟಿದರೆ ತಲೆಬುರುಡೆಯೂ ಸುರಕ್ಷಿತವಲ್ಲ. 90 ಅದಕ್ಕಿಂತ ಎಷ್ಟು ಮೇಲಿದೆ ನೋಡಿ. ಮೇಲಿಂದ ಬೀಳುವ ಗುಂಡಿಗೆ ಮೊದಲು ಸಿಗುವುದೇ ತಲೆ. ಲಾಸ್ ಏಂಜಲೀಸಿನ ಒಂದೇ ಆಸ್ಪತ್ರೆಯಲ್ಲಿ 1985ರಿಂದ 1992ರವರೆಗೆ ಹೀಗೆ ಎಲ್ಲಿಂದಲೋ ಬಿದ್ದ ಗುಂಡು ತಗಲಿದ 118 ಜನರಿಗೆ ಚಿಕಿತ್ಸೆ ಕೊಡಲಾಯಿತು. 38 ಜನ ಬದುಕಲಿಲ್ಲ. 2003ರ ಕೊನೆಯ ರಾತ್ರಿ ಹೊಸ ವರ್ಷದ ಸಂಭ್ರಮದಲ್ಲಿ ಪೋರ್ಟೊರಿಕೊ ದ್ವೀಪದಲ್ಲಿ 19 ಜನರಿಗೆ ಗಾಯವಾಯಿತು, ಒಬ್ಬರು ಸತ್ತರು.

ಎರಡನೆಯದು ನನಗೆ ಬಹಳ ಇಷ್ಟವಾದ ವಿಷಯ. ಹ್ಯಾಚರ್ ನಳಿಕೆಯನ್ನು ಪಟ್ಟುಹಿಡಿದು ನೆಟ್ಟಗೆ ನಿಲ್ಲಿಸಿದ್ದರು. ಮದುವೆ ಮನೆಯಲ್ಲಿ ಕುಣಿಯುತ್ತಾ ಹಾರಿಸುವವನು ಹಾಗೆ ನಿಲ್ಲಿಸುತ್ತಾನೆಯೇ? ಅವನ ಕೈ ಓರೆಯಾಗಿಯೇ ಇರುತ್ತದೆ. ಆ ಓರೆಯಿಂದ ಆಟವೇ ಬದಲಾಗುತ್ತದೆ.

ರೈಫಲ್ ನಳಿಕೆಯ ಒಳಗೆ ಸುರುಳಿ ಗೀರುಗಳಿರುತ್ತವೆ. ಅವು ಗುಂಡನ್ನು ತಿರುಗಿಸುತ್ತಾ ಹೊರಗೆ ಬಿಡುತ್ತವೆ. ಹ್ಯಾಚರ್ ಬಳಸಿದಂಥ ಗುಂಡು 10 ಇಂಚಿಗೆ ಒಂದು ಸುತ್ತು ಸುತ್ತುತ್ತದೆ, ಅಂದರೆ ಸೆಕೆಂಡಿಗೆ 3,200 ಸುತ್ತು. ಜೋರಾಗಿ ಬಿಟ್ಟ ಬುಗುರಿ ತಳ್ಳಿದರೂ ಬೀಳದೆ ನಿಂತುಕೊಳ್ಳುವ ಹಾಗೆ, ಈ ಸುತ್ತು ಗುಂಡಿನ ದಿಕ್ಕನ್ನು ಹಿಡಿದಿಡುತ್ತದೆ. ಗಾಳಿ ಮುಂದಿನ ಓಟವನ್ನು ಬೇಗ ತಿನ್ನುತ್ತದೆ, ಸುತ್ತನ್ನು ಮಾತ್ರ ಬಹಳ ನಿಧಾನವಾಗಿ ತಿನ್ನುತ್ತದೆ. ನೆಟ್ಟಗೆ ಹಾರಿದ ಗುಂಡು ತುದಿಯಲ್ಲಿ ಒಂದು ಕ್ಷಣ ನಿಂತಾಗಲೂ ಗಿರಗಿರ ಸುತ್ತುತ್ತಲೇ ಇರುತ್ತದೆ. ಮೂಗು ಮೇಲೆ ಮಾಡಿಕೊಂಡೇ ಹಿಂದುಮುಂದಾಗಿ ಕೆಳಗೆ ಬೀಳುತ್ತದೆ. ಮೊಂಡು ಬುಡ ಮುಂದೆ ಇರುವುದರಿಂದ ಗಾಳಿಯ ತಡೆ ಜಾಸ್ತಿ. ಆ 90 ಮೀಟರ್ ವೇಗ ಹೀಗೆ ಬುಡ ಮುಂದಾಗಿ ಬಿದ್ದ ಗುಂಡಿನ ವೇಗ.

ಓರೆಯಾಗಿ ಹಾರಿದ ಗುಂಡು ತನ್ನ ದಾರಿಯ ತುದಿಯಲ್ಲಿ ನಿಲ್ಲುವುದೇ ಇಲ್ಲ. ಅಡ್ಡ ಓಟ ಉಳಿದಿರುತ್ತದೆ. ಆದ್ದರಿಂದ ಬಾಗಿದ ದಾರಿಯ ಜೊತೆಗೇ ಅದರ ಮೂಗೂ ನಿಧಾನವಾಗಿ ಬಾಗುತ್ತಾ ಬರುತ್ತದೆ. ಕೆಳಗೆ ಬರುವಾಗ ಚೂಪಾದ ತುದಿಯೇ ಮುಂದೆ. ತಡೆ ಕಡಿಮೆ, ವೇಗ ಜಾಸ್ತಿ. ಹ್ಯಾಚರ್ ಪರೀಕ್ಷಿಸಿದಂಥ ಗುಂಡು ಓರೆಯಾಗಿ ಹಾರಿದರೆ 3 ಕಿಲೋಮೀಟರ್ ದೂರ ಹೋಗುತ್ತದೆ. ಕೈ ಇನ್ನೂ ಕೆಳಗೆ ಬಾಗಿದಷ್ಟೂ ಗುಂಡು ಬೇಗ ನೆಲ ಸೇರುತ್ತದೆ, ಗಾಳಿ ಅದರ ವೇಗವನ್ನು ತಿನ್ನಲು ಅಷ್ಟು ಸಮಯ ಸಿಗುವುದಿಲ್ಲ. ಬ್ಯಾಂಡ್‌ಸೆಟ್ ಸದ್ದಿನಲ್ಲಿ ಹಾರಿಸಿದವನಿಗೆ, ಮೂರು ಊರು ಆಚೆ ಮಹಡಿಯ ಮೇಲೆ ಮಲಗಿದ್ದ ಮಗುವಿಗೆ ಏನಾಯಿತು ಎಂದು ಗೊತ್ತಾಗುವುದು ಹೇಗೆ? ಪೊಲೀಸರಿಗೂ ಆ ಕೋವಿ ಸಿಗುವುದು ಕಷ್ಟ. ಗುರಿ ಇಡದೆ ಹಾರಿಸಿದ್ದು ಎಂಬುದು ಸಮಜಾಯಿಷಿ ಆಗಲಾರದು. ಸುತ್ತಲಿನ ಅಷ್ಟೂ ಊರುಗಳ ಜನ ಆ ಗುಂಡಿನ ದಾರಿಯಲ್ಲಿದ್ದಾರೆ.

ಒಂದೇ ಗುಂಡಿನ ಬದಲು ಸಣ್ಣ ಸಣ್ಣ ಸೀಸದ ಚರೆಗಳನ್ನು ತುಂಬಿದ ತೋಟಾದ ಕಥೆ ಬೇರೆ. ಚರೆ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಗಾಳಿಗೆ ಸಿಗುವ ಮೈ ಜಾಸ್ತಿ, ಅಂತಿಮ ವೇಗ ಕಡಿಮೆ. ಹಕ್ಕಿ ಹೊಡೆಯುವ ಸಣ್ಣ ಚರೆ ಎತ್ತರದಿಂದ ಬಿದ್ದರೆ ಸೆಕೆಂಡಿಗೆ 30 ಮೀಟರ್ ಕೂಡ ಮುಟ್ಟುವುದಿಲ್ಲ. ಆದರೆ ಅದು ತೆರೆದ ಬಯಲಿನ ಲೆಕ್ಕ. ಚಪ್ಪರದ ಕೆಳಗೆ, ಛಾವಣಿಯ ಕೆಳಗೆ ಹಾರಿಸಿದರೆ ಗಾಳಿಗೆ ತಡೆಯಲು ಸಮಯವೇ ಇಲ್ಲ. ಉತ್ತರಾಖಂಡದ ಒಂದು ಮದುವೆಯಲ್ಲಿ ಛಾವಣಿಯ ಕಡೆಗೆ ಹಾರಿಸಿದ ಕೋವಿಯ ಚರೆಗಳು ಐವರಿಗೆ ತಗಲಿ ಇಬ್ಬರು ಸತ್ತರು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕೊಲೆ ಎನ್ನಲಿಲ್ಲ. ಆದರೆ ಅಷ್ಟು ಜನರ ನಡುವೆ ತುಂಬಿದ ಕೋವಿ ಹಾರಿಸುವವನಿಗೆ ಏನಾಗಬಹುದು ಎಂಬ ಅರಿವು ಇರಲೇಬೇಕು ಎಂದು ಹೇಳಿ, ಕೊಲೆಯಲ್ಲದ ನರಹತ್ಯೆಗೆ 10 ವರ್ಷ ಜೈಲು ವಿಧಿಸಿತು. ಭೌತಶಾಸ್ತ್ರ ಹೇಳುವುದೂ ಅದನ್ನೇ.

ಇಲ್ಲಿ ಹಕ್ಕಿನ ಮಾತು ಬರುತ್ತದೆ. ಬಂದೂಕು ಹೊಂದುವುದು ನಮ್ಮಲ್ಲಿ ಮೂಲಭೂತ ಹಕ್ಕಲ್ಲ. ಆಗುವ ಸಾಧ್ಯತೆ ಒಮ್ಮೆ ಇತ್ತು. 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ ನಿಯಮಗಳಿಗೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕು ಸೇರಿತ್ತು. ಬ್ರಿಟಿಷರ 1878ರ ಕಾಯ್ದೆ ನಮ್ಮವರ ಕೈಯಿಂದ ಆಯುಧ ಕಿತ್ತುಕೊಂಡ ನೋವು ಅದರ ಹಿಂದಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅದೇ ಹಕ್ಕನ್ನು ಸೇರಿಸಲು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಅಮೆರಿಕದಲ್ಲಿ 1791ರಿಂದ ಅದು ಸಂವಿಧಾನದಲ್ಲೇ ಇದೆ. ಆದರೂ ಬಂದೂಕಿನ ಹಕ್ಕನ್ನು ಗಟ್ಟಿಯಾಗಿ ಹಿಡಿದುಕೊಂಡ ಅರಿಜೋನಾ ರಾಜ್ಯ, 1999ರಲ್ಲಿ ಫೀನಿಕ್ಸ್‌ನಲ್ಲಿ 14 ವರ್ಷದ ಹುಡುಗಿಯೊಬ್ಬಳು ಬಿದ್ದ ಗುಂಡಿಗೆ ಬಲಿಯಾದ ಮೇಲೆ, ಮರುವರ್ಷವೇ ಊರೊಳಗೆ ಬೇಜವಾಬ್ದಾರಿಯಿಂದ ಗುಂಡು ಹಾರಿಸುವುದನ್ನು ಗಂಭೀರ ಅಪರಾಧ ಮಾಡಿತು. ಹಕ್ಕು ಇದೆ ಎನ್ನುವವರೂ ಇಲ್ಲ ಎನ್ನುವವರೂ ಈ ಒಂದು ವಿಷಯದಲ್ಲಿ ಜಗಳವಾಡಬೇಕಾಗಿಲ್ಲ.

ಸಂಭ್ರಮಕ್ಕೆ ಬೇಕಾದದ್ದು ಸದ್ದು. ಸದ್ದು ಬರುವುದು ಮದ್ದಿನ ಬಿಸಿ ಅನಿಲ ನಳಿಕೆಯಿಂದ ಒಮ್ಮೆಲೇ ನುಗ್ಗುವುದರಿಂದ. ಸೀಸದ ಗುಂಡೇ ಇಲ್ಲದಿದ್ದರೂ ಆ ಸದ್ದು ಬರುತ್ತದೆ. ಮೈಸೂರು ದಸರಾದಲ್ಲಿ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗುವಾಗ 7 ಫಿರಂಗಿಗಳಿಂದ 21 ಕುಶಾಲತೋಪು ಹಾರುತ್ತವೆ. ಒಳಗಿರುವುದು ಬರೀ ಮದ್ದು. ಆ ಸದ್ದಿಗೆ ಬೆದರದಿರಲಿ ಎಂದು ಆನೆ ಕುದುರೆಗಳಿಗೆ ಮೊದಲೇ ತಾಲೀಮು ಕೊಡಬೇಕಾಗುತ್ತದೆ, ಅಷ್ಟು ಜೋರು.

ಕೊಡಗಿನಲ್ಲಿ ಈ ಮಾತಿಗೆ ಹೆಚ್ಚು ಬೆಲೆ ಇದೆ. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದು. ಇದು ಗುಂಪಿನ ಹುಚ್ಚಾಟವಲ್ಲ, ಪದ್ಧತಿ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಿಂದ ಬಂದ, ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯನ್ನು ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಲೈಸೆನ್ಸ್ ಪಡೆಯುವ ವಿಷಯಕ್ಕೆ ಮಾತ್ರ. ಬಿದ್ದ ಗುಂಡಿಗೆ ಯಾವ ವಿನಾಯಿತಿಯೂ ಇಲ್ಲ. ಹಳೆಯ ಕೇಪಿನ ಕೋವಿಗೆ ಇಲ್ಲೊಂದು ಅನುಕೂಲ ಇದೆ. ಅದರಲ್ಲಿ ಮದ್ದನ್ನೂ ಗುಂಡನ್ನೂ ಬೇರೆ ಬೇರೆ ತುಂಬುತ್ತಾರೆ. ಗುಂಡು ಬಿಟ್ಟು ಮದ್ದು ಮಾತ್ರ ತುಂಬಿದರೆ ಪದ್ಧತಿ ಪದ್ಧತಿಯಾಗಿಯೇ ಉಳಿಯುತ್ತದೆ, ಸದ್ದಿಗೂ ಕೊರತೆ ಇಲ್ಲ. ಹಾಗೆ ಹಾರಿಸುವಾಗಲೂ ನಳಿಕೆಯ ಮುಂದೆ ಯಾರೂ ನಿಲ್ಲಬಾರದು. ಗಿಡಿದ ಬಟ್ಟೆಯೋ ನಾರೋ ಹತ್ತಿರದಿಂದ ಬಡಿದರೆ ಗಾಯವಾಗುತ್ತದೆ, ಬಿಸಿ ಅನಿಲ ಕಣ್ಣು ಸುಡುತ್ತದೆ.