ಕವಡೆಯಂಥ ಎಲುಬು, ಒಡೆಯದೆ ಇಟ್ಟ ಕಲ್ಲು

ಉತ್ತರ ಕನ್ನಡದಲ್ಲಿ ಮಾಜಾಳಿಯಿಂದ ಹೊನ್ನಾವರದ ಕಾಸರಕೋಡದವರೆಗಿನ ದಂಡೆಗೆ ಆಗಾಗ ಸತ್ತ ಡಾಲ್ಫಿನ್ ತೇಲಿಬರುತ್ತದೆ. ಅದು ಕೊಳೆತು ಎಲುಬು ಬಿಡುವಾಗ ತಲೆಬುರುಡೆಯಿಂದ ಬೇಗ ಕಳಚಿ ಬೀಳುವುದು ಕಿವಿಯ ಎಲುಬು. ನೋಡಲು ಥೇಟ್ ಕವಡೆ. ಡಾಲ್ಫಿನ್‌ನಲ್ಲಿ ಇದು ಬುರುಡೆಗೆ ಗಟ್ಟಿಯಾಗಿ ಬೆಸೆದಿರುವುದಿಲ್ಲ, ಮಾಂಸದ ಕಟ್ಟುಗಳಲ್ಲಿ ತೂಗಿಕೊಂಡಿರುತ್ತದೆ. ಅದರ ಒಂದು ಬದಿಯ ಗೋಡೆ ಚಿಪ್ಪಿಯಷ್ಟು ತೆಳು. ಇನ್ನೊಂದು ಬದಿಯ ತುಟಿ ದಪ್ಪ, ಗಾತ್ರಕ್ಕೆ ಮೀರಿದ ಭಾರ. ಈ ದಪ್ಪ ತುಟಿಗೆ ಇನ್‌ವೊಲ್ಯೂಕ್ರಮ್ ಎನ್ನುತ್ತಾರೆ. ಕಂಡರೆ ನೋಡಿ, ಮನೆಗೆ ಮಾತ್ರ ತರಬೇಡಿ. ಡಾಲ್ಫಿನ್, ತಿಮಿಂಗಿಲಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅರಣ್ಯ ಇಲಾಖೆಗೆ ತಿಳಿಸಬೇಕಾದದ್ದು ಕ್ರಮ.

ಇಂದು ಬದುಕಿರುವ ಪ್ರಾಣಿಗಳಲ್ಲಿ ಈ ತುಟಿ ಇರುವುದು ತಿಮಿಂಗಿಲದ ಬಳಗಕ್ಕೆ ಮಾತ್ರ. ಅದೇ ತುಟಿ ಜಮ್ಮುವಿನ ಕಾಲಾಕೋಟ್ ಕಡೆಯ ಒಂದು ಕಲ್ಲಿನೊಳಗೆ, ಬೆಕ್ಕಿನಷ್ಟು ದೊಡ್ಡ, ಗೊರಸುಳ್ಳ ಪ್ರಾಣಿಯೊಂದರ ಬುರುಡೆಯಲ್ಲಿ ಸಿಕ್ಕಿತು. ಆ ಕಲ್ಲನ್ನು ಆಯ್ದು ತಂದಿದ್ದವರು ಭೂವಿಜ್ಞಾನಿ ಎ. ರಂಗರಾವ್.

ರಂಗರಾವ್ ಕೆಲಸ ಮಾಡಿದ್ದು ತೈಲ ಮತ್ತು ನೈಸರ್ಗಿಕ ಅನಿಲ ಆಯೋಗದಲ್ಲಿ. ಎಣ್ಣೆ ಹುಡುಕುವವರಿಗೆ ಹಲ್ಲುಗಳ ಗೊಡವೆ ಯಾಕೆ ಎಂದು ಕೇಳಬಹುದು. ಹಿಮಾಲಯದ ತಪ್ಪಲಿನ ಸುಬಾತು ಪದರಗಳಲ್ಲಿ ಕೆಳಗಿನವು ಸಮುದ್ರದವು. ಅವುಗಳಲ್ಲಿ ನಾಣ್ಯದಾಕಾರದ ನಮ್ಯುಲೈಟ್ ಚಿಪ್ಪುಗಳಿವೆ, ಅವನ್ನು ನೋಡಿ ಪದರದ ವಯಸ್ಸು ಹೇಳಬಹುದು. ಮೇಲಕ್ಕೆ ಹೋದಂತೆ ಕೆಂಪು ಜೇಡಿಕಲ್ಲು ಶುರುವಾಗುತ್ತದೆ, ಅದರಲ್ಲಿ ಆ ಚಿಪ್ಪುಗಳಿಲ್ಲ. ಅಲ್ಲಿ ಗಡಿಯಾರದ ಕೆಲಸ ಮಾಡುವುದು ಸಸ್ತನಿಗಳ ಹಲ್ಲು: ದಂತಕವಚ ಎಲುಬಿಗಿಂತ ಗಟ್ಟಿ, ಉಬ್ಬುತಗ್ಗುಗಳ ವಿನ್ಯಾಸ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. 1971ರಲ್ಲಿ ರಂಗರಾವ್ ಕಾಲಾಕೋಟ್‌ನ ಸಸ್ತನಿಗಳನ್ನು ವಿವರಿಸುವಾಗ ಆ ಪದರಗಳನ್ನು ಸುಬಾತುವಿಗಿಂತ ಹೊಸದಾದ ಮುರ್ರೀ ಶ್ರೇಣಿಗೆ ಸೇರಿಸಿದ್ದರು. ಈಗ ಅವನ್ನು ಸುಬಾತುವಿನ ಮೇಲ್ಭಾಗವೆಂದು ಎಣಿಸುತ್ತಾರೆ, ವಯಸ್ಸು ಸುಮಾರು 4.8 ಕೋಟಿ ವರ್ಷ. ಪದರದ ಹೆಸರು ಬದಲಾದರೂ ಅವರ ಹಲ್ಲುಗಳು ಕೆಲಸಕ್ಕೆ ಬರುವುದು ನಿಲ್ಲಲಿಲ್ಲ. ಎಲ್ಲಿಂದ ಆಯ್ದದ್ದು ಎಂಬ ದಾಖಲೆ ಇದ್ದರೆ ಹಣೆಪಟ್ಟಿಯನ್ನು ಆಮೇಲೂ ತಿದ್ದಬಹುದು.

ಆ ಗೊರಸಿನ ಪ್ರಾಣಿಗೆ ಅವರು ಇಟ್ಟ ಹೆಸರು ಇಂಡೋಹಯಸ್, ಎಂದರೆ ಇಂಡಿಯಾದ ಹಂದಿ. ದವಡೆ, ಹಲ್ಲು ಹಿಡಿದು ಕೂತವರಿಗೆ ಹಂದಿಯ ನೆನಪಾದದ್ದು ತಪ್ಪಲ್ಲ. ಅದೇ ವರ್ಷ ಅಶೋಕ ಸಾಹ್ನಿ ಮತ್ತು ಖರೆ ಅಲ್ಲಿಯದೇ ಇನ್ನೊಂದು ಪ್ರಾಣಿಗೆ ರಂಗರಾವ್ ಗೌರವಾರ್ಥ ರಾವೆಲ್ಲಾ ಎಂದು ಹೆಸರಿಟ್ಟರು. ಮುಂದೆ ಇಡೀ ಕುಟುಂಬವೇ ರಾವೆಲ್ಲಿಡೇ ಆಯಿತು. ಎಲುಬು ಬಿಡಿಸದ ಕಲ್ಲುಗಳು ಮಾತ್ರ ಹಾಗೇ ಉಳಿದವು. ರಂಗರಾವ್ ತೀರಿಕೊಂಡ ಮೇಲೆ ಅವನ್ನು ಕಾಪಾಡಿದವರು ಪತ್ನಿ ಡಾ. ಓಬರ್ಗ್‌ಫೆಲ್, ಅವರೂ ಭೂವಿಜ್ಞಾನ ಬಲ್ಲವರು. ಅವರಿಂದ ಕಲ್ಲುಗಳು ತಿಮಿಂಗಿಲಗಳ ವಿಕಾಸ ಅಭ್ಯಸಿಸುವ ಹಾನ್ಸ್ ಥೆವಿಸ್ಸನ್ ಅವರ ಪ್ರಯೋಗಾಲಯ ಸೇರಿದವು. ಬಿಡಿಸುವಾಗ ತಂತ್ರಜ್ಞರ ಕೈಯಲ್ಲಿ ಒಂದು ಬುರುಡೆಯ ಕಿವಿಯ ಭಾಗ ಮುರಿಯಿತು. ಒಳಗೆ ಆ ದಪ್ಪ ತುಟಿ. ಸುನಿಲ್ ಬಾಜಪೇಯಿ, ಬಿ.ಎನ್. ತಿವಾರಿ ಮೊದಲಾದವರೊಂದಿಗೆ ಥೆವಿಸ್ಸನ್ ಇದನ್ನು ಪ್ರಕಟಿಸಿದ್ದು 2007ರ ಡಿಸೆಂಬರ್‌ನಲ್ಲಿ.

ಕಿವಿಯೊಂದನ್ನೇ ನಂಬಿ ಅವರು ಮಾತಾಡಲಿಲ್ಲ. ಕಾಲಿನ ಎಲುಬುಗಳನ್ನು ಅಡ್ಡ ಕೊಯ್ದು ನೋಡಿದರೆ ಗೋಡೆ ದಪ್ಪ, ಮಜ್ಜೆಯ ಪೊಳ್ಳು ಕಿರಿದು. ನೀರಾನೆಗೂ ಹೀಗೇ, ನೀರಿನ ತಳದಲ್ಲಿ ನಡೆಯಲು ಭಾರ ಬೇಕು. ದಂತಕವಚದಲ್ಲಿ ಭಾರದ ಆಮ್ಲಜನಕದ (ಆಮ್ಲಜನಕ-18) ಪಾಲು ಕಡಿಮೆ ಇತ್ತು, ಇದೂ ನೀರಲ್ಲಿ ಬಹುಹೊತ್ತು ಕಳೆಯುವ ಪ್ರಾಣಿಗಳ ಗುರುತು. ಅಂತೂ ಹಂದಿಯೆಂದು ಹೆಸರು ಹೊತ್ತದ್ದು ತಿಮಿಂಗಿಲಗಳ ಅತಿ ಹತ್ತಿರದ ನೆಂಟ. ರೂಪ ಊಹಿಸಲು ಶಿರಸಿ, ಯಲ್ಲಾಪುರದವರು ದೂರ ಹೋಗಬೇಕಿಲ್ಲ, ಕಾಡಿನ ಪುಟ್ಟ ಬರ್ಕವನ್ನು (ಮೌಸ್ ಡಿಯರ್) ನೆನೆದರೆ ಸಾಕು. ಆಫ್ರಿಕಾದಲ್ಲಿರುವ ಬರ್ಕದ ಸಂಬಂಧಿ ಹದ್ದು ಎರಗಿದರೆ ನೀರಿಗೆ ಧುಮುಕಿ ಅಡಗುತ್ತದೆ. ಇಂಡೋಹಯಸ್ ಕೂಡ ಮೊದಲು ನೀರಿಗಿಳಿದದ್ದು ಹೀಗೇ ಇರಬಹುದೆಂಬುದು ಥೆವಿಸ್ಸನ್ ಊಹೆ.

ಇನ್ನು ಕಲ್ಲು ಬಿಡಿಸುವ ಕೆಲಸ. ಮೊದಲು ಎಲುಬಿಲ್ಲದ ಮೂಲೆಗೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಬೇಕು. ನೊರೆ ಬಂದರೆ ಕಲ್ಲನ್ನು ಹಿಡಿದಿರುವುದು ಸುಣ್ಣ, ಅಸಿಟಿಕ್ ಆಮ್ಲದಲ್ಲಿ ಕರಗುತ್ತದೆ. ನೊರೆ ಬರದಿದ್ದರೆ ಗಾಳಿಯೊತ್ತಡದಲ್ಲಿ ನಡೆಯುವ ಸೂಜಿ ಪೆನ್ನು, ಭೂತಗನ್ನಡಿ ಮತ್ತು ತಿಂಗಳುಗಟ್ಟಲೆ ತಾಳ್ಮೆ. ಆಮ್ಲ ಶೇ. 5 ಸಾಕು, ಹೆಚ್ಚುಕಡಿಮೆ ಅಡುಗೆಯ ವಿನೆಗರ್‌ನಷ್ಟು. ಎಲುಬಿನ ಫಾಸ್ಫೇಟ್ ಕೂಡ ನಿಧಾನಕ್ಕೆ ಸವೆಯುವುದರಿಂದ ಆಮ್ಲಕ್ಕೆ ಮೊದಲೇ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿರುತ್ತಾರೆ. ಕೆಲವು ಗಂಟೆ ಮುಳುಗಿಸಿ, ಅದರ ಎರಡು ಮೂರು ಪಟ್ಟು ಹೊತ್ತು ನೀರಲ್ಲಿ ತೊಳೆಯಬೇಕು. ಕೆಲಸ ಕೆಡುವುದು ಬಹಳ ಸಲ ಇಲ್ಲೇ: ತೊಳೆಯುವಾಗ ಆತುರಪಟ್ಟರೆ ಉಳಿದ ಲವಣ ರಂಧ್ರಗಳಲ್ಲಿ ಹರಳುಗಟ್ಟಿ ಎಲುಬನ್ನು ಒಳಗಿಂದ ಸೀಳುತ್ತದೆ.

ಹೊರಬಂದ ಎಲುಬನ್ನು ಒಣಗಿಸಿ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಬಳಿಯುತ್ತಾರೆ, 100 ಮಿಲಿ ಅಸಿಟೋನ್‌ಗೆ 5 ಗ್ರಾಂ. ಮುರಿದದ್ದು ಅಂಟಿಸಲು ಇದನ್ನೇ ಮಂದ ಮಾಡಿಕೊಂಡರಾಯಿತು. ಬೇಕಾದಾಗ ಅಸಿಟೋನ್ ಹಾಕಿ ಬಿಡಿಸಬಹುದು. ಸೂಪರ್ ಗ್ಲೂ ಹಾಕಿದರೆ ಆ ಸುಖವಿಲ್ಲ, ಹಾಗೆ ಹಾಕಿದವರಿಗೆ ಮುಂದಿನವರು ಶಾಪ ಹಾಕುತ್ತಾರೆ. ಕಾರವಾರದಂಥ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಧ್ಯೆ ಈ ಕೆಲಸಕ್ಕೆ ಕೈಹಾಕುವವರು ಕೋಣೆಯ ತೇವ ಇಳಿಸಿಕೊಳ್ಳಲೇಬೇಕು. ಅಸಿಟೋನ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಕೂರುತ್ತದೆ, ಲೇಪನ ಹಾಲಿನಂತೆ ಬೆಳ್ಳಗಾಗಿ ದುರ್ಬಲವಾಗುತ್ತದೆ.

ಇಷ್ಟೆಲ್ಲ ಓದಿ ಗೇರುಗುಡ್ಡೆಯಲ್ಲಿ ಎಲುಬು ಹುಡುಕಲು ಹೊರಟರೆ ನಿರಾಸೆ ಖಂಡಿತ. ನಮ್ಮ ಜಿಲ್ಲೆಯ ತಳಬಂಡೆ ಬಹುತೇಕ 250 ಕೋಟಿ ವರ್ಷಕ್ಕಿಂತ ಹಳೆಯದು, ಆಗ ಎಲುಬಿದ್ದ ಪ್ರಾಣಿಯೇ ಇರಲಿಲ್ಲ. ಮೇಲಿನ ಚಿರೆಕಲ್ಲು, ಕೆಂಪು ಮಣ್ಣು ಹುಳಿ ಸ್ವಭಾವದವು, ಮಳೆ ನೀರು ಇಳಿದಿಳಿದು ಎಲುಬಿನ ಸುಣ್ಣವನ್ನು ಕರಗಿಸುತ್ತದೆ. ಕಲ್ಲಿನ ಸೀಳಿನಲ್ಲಿ ಜರಿಗಿಡದಂತೆ ಕಾಣುವ ಕಪ್ಪು ಚಿತ್ತಾರವೂ ಸಸ್ಯವಲ್ಲ, ಮ್ಯಾಂಗನೀಸ್ ಹರಡಿದ್ದು. ಘಟ್ಟದಾಚೆ ಲೆಕ್ಕ ಬೇರೆ. ಗೋಕಾಕದ ಹತ್ತಿರ ಸಿಕ್ಕ ಘೇಂಡಾಮೃಗದ ಎಲುಬುಗಳನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ವಿವರಿಸಿದ್ದಾರೆ.

ಆ ಕಡೆ ಬಾವಿ ತೋಡುವಾಗ ಕಲ್ಲಾದ ಎಲುಬು ಎದ್ದರೆ ತೊಳೆಯಬೇಡಿ, ಕೆರೆಯಬೇಡಿ, ಸುತ್ತಿನ ಮಣ್ಣುಸಮೇತ ಬಿಡಿ. ಎತ್ತಲೇಬೇಕಾಗಿ ಬಂದರೆ ಮೊದಲು ಒದ್ದೆ ಕಾಗದ ಹೊದಿಸಿ, ಅದರ ಮೇಲೆ ಪ್ಲಾಸ್ಟರ್‌ನಲ್ಲಿ ಅದ್ದಿದ ಗೋಣಿಪಟ್ಟಿ ಸುತ್ತಿ. ಕಾಗದ ಮರೆತರೆ ಪ್ಲಾಸ್ಟರ್ ಕೀಳುವಾಗ ಎಲುಬಿನ ಮೇಲ್ಪದರವೂ ಕಿತ್ತುಬರುತ್ತದೆ. ಯಾವ ಬದಿ ಮೇಲಿತ್ತು, ನೆಲಮಟ್ಟದಿಂದ ಎಷ್ಟು ಆಳ, ಮಣ್ಣಿನ ಬಣ್ಣ ಯಾವುದು, ಇಸವಿ ತಿಂಗಳು ಯಾವುದು ಎಂಬುದನ್ನು ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಬಾಲ್‌ಪೆನ್ ಶಾಯಿ ಕಾಲ ಕಳೆದಂತೆ ಮಾಸುತ್ತದೆ. ಚೀಟಿ ಎರಡಿರಲಿ, ಒಂದು ಪೊಟ್ಟಣದೊಳಗೆ, ಒಂದು ಹೊರಗೆ.